ಹನ್ನೆರಡನೆಯ ವಿಮಾನ

ಶನಿವಾರ, 2022ರ ಅಕ್ಟೋಬರ್ 15, ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಸೌತ್ ಕ್ಯಾರೊಲಿನಾದ ಉತ್ತರ ಅಂಚಿನಲ್ಲಿ, ಹುಲ್ಲಿನ ರನ್‌ವೇ ಇರುವ ಖಾಸಗಿ ಮೈದಾನವೊಂದರ ತಗಡಿನ ಹ್ಯಾಂಗರ್. ಹಾಜರಿದ್ದವರು ನಾಲ್ವರು: ನಾನು, ನನ್ನ ಹೆಂಡತಿ, ಹತ್ತಿರದ ಬ್ಯಾಲಂಟೈನ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅವಳ ತಮ್ಮ, ಮತ್ತು ವಿಮಾನದ ಮಾಲೀಕರು, ಎಪ್ಪತ್ತೆಂಟು ವರ್ಷದ ನಿವೃತ್ತ ಪಶುವೈದ್ಯರು. ನಾನು ನೋಡಲು ಬಂದಿದ್ದು ಅವರ ಚಿಪ್‌ಮಂಕ್. ಎಪ್ಪತ್ತು ವರ್ಷಗಳ ಹಿಂದೆ ಸೇನೆಯ ಹುಡುಗರಿಗೆ ಹಾರಾಟ ಕಲಿಸಲು ಕಟ್ಟಿದ ಪುಟ್ಟ ವಿಮಾನ. ಒಂದರ ಹಿಂದೆ ಒಂದು ಎರಡು ಸೀಟು, ಮೂತಿಯ ಕೆಳಗೆ ಚಕ್ರವಿಲ್ಲ, ಬಾಲದ ಕೆಳಗೆ ಒಂದು.

ನಾನು ನೋಡುತ್ತಿದ್ದ ಹನ್ನೆರಡನೆಯ ವಿಮಾನ ಅದು. ಹಿಂದಿನ ಹನ್ನೊಂದನ್ನೂ ಎರಡು ವರ್ಷಗಳಲ್ಲಿ ಬೇಡ ಅಂದಿದ್ದೆ.

ನನಗೆ ಎಪ್ಪತ್ತೆರಡು ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು. ಎಪ್ಪತ್ತೆರಡು ದಾಟಿದವರಿಗೆ ಬಾಲಚಕ್ರದ ಹಳೆಯ ವಿಮಾನಕ್ಕೆ ಹೊಸದಾಗಿ ವಿಮೆ ಕೊಡುವುದಿಲ್ಲ, ಅದಕ್ಕೆ ಮೊದಲೇ ಪಾಲಿಸಿ ಶುರುವಾಗಿದ್ದರೆ ಮುಂದುವರಿಸುತ್ತೇವೆ ಎಂದು ವಿಮೆಯವರು ಪತ್ರ ಬರೆದಿದ್ದರು. ವಿಮೆ ಇಲ್ಲದ ವಿಮಾನಕ್ಕೆ ನಮ್ಮ ಕಡೆ ಹ್ಯಾಂಗರ್ ಕೊಡುವುದಿಲ್ಲ. ಅಂದರೆ ಈ ಹತ್ತೊಂಬತ್ತು ದಿನದೊಳಗೆ ಒಂದನ್ನು ಆರಿಸಬೇಕು, ಇಲ್ಲವಾದರೆ ಸ್ವಂತ ವಿಮಾನ ಹಾರಿಸುವ ಮಾತನ್ನೇ ಬಿಡಬೇಕು. ಸಾಲದ್ದಕ್ಕೆ ಪಶುವೈದ್ಯರು ಮೊದಲೇ ಹೇಳಿದ್ದರು, ಅಟ್ಲಾಂಟಾದಿಂದ ಇನ್ನೊಬ್ಬರು ಭಾನುವಾರ ಬೆಳಿಗ್ಗೆ ನೋಡಲು ಬರುತ್ತಾರೆ, ನನ್ನ ಉತ್ತರ ಶನಿವಾರ ಸಂಜೆಯೊಳಗೆ ಬೇಕು ಎಂದು.

ಕಾರಿನಲ್ಲಿ ಕೆಲವು ಗಂಟೆ ದೂರದ ಸೆಂಟರ್‌ವಿಲ್‌ನ ನಮ್ಮ ಮನೆಯಿಂದ ಶುಕ್ರವಾರವೇ ಹೊರಟು ಭಾವಮೈದುನನ ಮನೆಯಲ್ಲಿ ತಂಗಿದ್ದೆವು. ಬೆಳಿಗ್ಗೆ ಕಾರಿನಲ್ಲಿ ಮುಂದೆ ಭಾವಮೈದುನನ ಪಕ್ಕ ಕೂತಿದ್ದೆ. ಮಡಿಲಲ್ಲಿದ್ದ ತಪಾಸಣೆಯ ಪುಸ್ತಕದ ಮೂಲೆಯನ್ನು ಮಡಚುವುದು, ಬಿಡಿಸುವುದು, ಇದೇ ಕೆಲಸ. ಹೆಂಡತಿ ಹಿಂದಿನ ಸೀಟಿನಿಂದ ಅದನ್ನು ನೋಡುತ್ತಿದ್ದಳು.

"ಹನ್ನೊಂದು ಮನೇಲಿ ಉಪ್ಪಿಟ್ಟು ಕೇಸರಿಭಾತು ತಿಂದಾಯ್ತು," ಅಂದಳು ತಮ್ಮನಿಗೆ. "ಒಂದು ಹುಡುಗಿಗೆ ಮೂಗು ಸರಿ ಇಲ್ಲ, ಇನ್ನೊಂದಕ್ಕೆ ಬಣ್ಣ ಸರಿ ಇಲ್ಲ. ನನ್ನ ನೋಡೋಕೆ ಬಂದಾಗ ಮಾತ್ರ ಹತ್ತು ನಿಮಿಷದಲ್ಲಿ ಒಪ್ಪಿಕೊಂಡ್ರು ನಿಮ್ಮ ಭಾವ."

"ಆಗ ಚೆಕ್‌ಲಿಸ್ಟ್ ಇರ್ಲಿಲ್ಲ ಅನ್ಸತ್ತೆ ಅಕ್ಕ."

"ರಜೆ ಇರ್ಲಿಲ್ಲ ಕಣೋ. ಮಾರನೇ ದಿನವೇ ಬೀದರ್‌ಗೆ ವಾಪಸ್ ಹೋಗ್ಬೇಕಿತ್ತು."

ಅದು ನಿಜ. ಹದಿನೇಳು ತುಂಬಿದ ವರ್ಷ ವಾಯುಪಡೆ ಸೇರಿ, ಜಾಲಹಳ್ಳಿಯಲ್ಲಿ ಎಂಜಿನ್ ಫಿಟ್ಟರ್ ಕೆಲಸ ಕಲಿತು, ಬೀದರಿನ ತರಬೇತಿ ನೆಲೆಯಲ್ಲಿ ಬಹಳ ವರ್ಷ ದುಡಿದೆ. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ವಿಮಾನದ ಮುಂದೆ ನಿಲ್ಲುವುದು, ಹನ್ನೆರಡು ಗಂಟೆಗೆ ಊಟ. ಮೊದಲನೆಯದೂ ಕೊನೆಯದೂ ಇಂದಿಗೂ ತಪ್ಪಿಲ್ಲ. ಅಲ್ಲಿದ್ದದ್ದು ಬೆಂಗಳೂರಿನಲ್ಲೇ ತಯಾರಾದ ಎಚ್‌ಟಿ-2 ವಿಮಾನಗಳು. ನಾವು ಎಂಜಿನ್ ಬಿಚ್ಚಿ ಜೋಡಿಸಿ, ಒರೆಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿದರೆ ಹತ್ತೊಂಬತ್ತು ವರ್ಷದ ಕೆಡೆಟ್ ಬಂದು ಹತ್ತಿ ಹಾರುತ್ತಿದ್ದ. ಸಹಿ ನಮ್ಮದು, ಆಕಾಶ ಅವನದು. ನಾನು ಆ ಸೀಟಿನಲ್ಲಿ ಕೂರುತ್ತಿದ್ದುದು ನೆಲದ ಮೇಲೆ ಎಂಜಿನ್ ಓಡಿಸಿ ನೋಡುವಾಗ ಮಾತ್ರ, ಚಕ್ರಗಳಿಗೆ ಮರದ ಅಡೆ ಕೊಟ್ಟು.

ಆಮೇಲೆ ಕೊಲ್ಲಿ, ಆಮೇಲೆ ಅಟ್ಲಾಂಟಾ. ಅಲ್ಲಿ ಇಪ್ಪತ್ತೈದು ವರ್ಷ ಪ್ರಯಾಣಿಕರ ದೊಡ್ಡ ವಿಮಾನಗಳ ರಿಪೇರಿ ಮಾಡಿದೆ. ಅರವತ್ತು ತುಂಬಿದ ಮೇಲೆ ಹಾರುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡೆ. ಎಪ್ಪತ್ತರಲ್ಲಿ ಬಾಲಚಕ್ರದ ವಿಮಾನ ಇಳಿಸುವುದನ್ನೂ ಕಲಿತೆ. ಇವೆಲ್ಲ ಬಾಡಿಗೆ ವಿಮಾನಗಳಲ್ಲಿ. ನನಗೆ ಬೇಕಾಗಿದ್ದುದು ಬೀದರಿನಂಥದ್ದು. ಎಚ್‌ಟಿ-2 ಈ ದೇಶದಲ್ಲಿ ಸಿಗುವುದಿಲ್ಲ. ಅದರ ದಾಯಾದಿಗಳನ್ನು ಹುಡುಕುತ್ತಾ ಹೊರಟೆ.

ಅಟ್ಲಾಂಟಾದ ದಕ್ಷಿಣದಲ್ಲಿ ನೋಡಿದ್ದು ದುಂಡು ಎಂಜಿನ್ನಿನ ದೊಡ್ಡ ತರಬೇತಿ ವಿಮಾನ. ರೆಕ್ಕೆ ಹತ್ತುವಾಗಲೇ ನನ್ನ ಮಂಡಿ ಉತ್ತರ ಕೊಟ್ಟಿತು. ವರ್ಜೀನಿಯಾದ ಬೆಟ್ಟಗಳ ಹತ್ತಿರ ಎರಡು ಜೊತೆ ರೆಕ್ಕೆಯ, ಮೇಲೆ ಗಾಜಿಲ್ಲದ ಒಂದನ್ನು ನೋಡಿದೆ. ಹೆಂಡತಿ ಅದರ ಸುತ್ತ ಒಂದು ಸುತ್ತು ಹಾಕಿ, "ಸ್ಕೂಟರಿಗೆ ಹಪ್ಪಳ ಕಟ್ಟಿದಂಗಿದೆ, ನಾನಂತೂ ಹತ್ತಲ್ಲ" ಎಂದಳು. ನಾರ್ತ್ ಕ್ಯಾರೊಲಿನಾದ ಕರಾವಳಿಯಲ್ಲಿ ಮೂತಿಗೆ ಚಕ್ರವಿದ್ದ ಒಂದು ಒಳ್ಳೆಯದೇ ಇತ್ತು, ಆದರೆ ಉಪ್ಪುಗಾಳಿಗೆ ರೆಕ್ಕೆಯ ಒಳಗಿನ ಪಟ್ಟಿ ಪುಡಿಯಾಗಿತ್ತು. ಉಳಿದವುಗಳಲ್ಲಿ ಎಣ್ಣೆ ಸೋರಿಕೆ, ದಾಖಲೆಯಲ್ಲಿ ಎರಡು ವರ್ಷದ ಅಂತರ, ತಪ್ಪಾಗಿ ಹೊಡೆದ ರಿವೆಟ್. ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಒಂದು ಪುಟ, ಪುಟಕ್ಕೆ ಎಂಬತ್ತನಾಲ್ಕು ಅಂಶ, ಕೊನೆಯಲ್ಲಿ ಸಹಿಗೆ ಒಂದು ಗೆರೆ. ಹನ್ನೊಂದು ಗೆರೆಗಳೂ ಖಾಲಿ.

ಪಶುವೈದ್ಯರು ಆರಡಿ ಎರಡಂಗುಲದ ಮನುಷ್ಯ. ಸೊಂಟದ ಕೀಲು ಬದಲಾಯಿಸಿಕೊಂಡಿದ್ದರು. ವಿಮಾನ ಹತ್ತಲು ಅಡುಗೆಮನೆಯ ಮೆಟ್ಟಿಲು ಸ್ಟೂಲು ಬೇಕಾಗುತ್ತಿತ್ತು. ಅದಕ್ಕೇ ಮಾರುತ್ತಿದ್ದರು. ನನ್ನ ಪಟ್ಟಿಯನ್ನು ತೋರಿಸಿ ವಿಮಾನದ ಮೈಯ ಎಲ್ಲಾ ಮುಚ್ಚಳ ತೆಗೆಯಬಹುದೇ ಎಂದು ಕೇಳಿದಾಗ, ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ ಎಂದು ಕುರ್ಚಿ ಎಳೆದುಕೊಂಡು ಕೂತರು.

ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಉಪಕರಣಗಳನ್ನು ಸಾಲಾಗಿ ಇಟ್ಟೆ. ಇಪ್ಪತ್ತಮೂರು. ಎಲ್ಲದರ ಹಿಡಿಗೂ ಹಳದಿ ಬಣ್ಣದ ಪಟ್ಟಿ. ಎಣಿಸಿ ಪುಸ್ತಕದಲ್ಲಿ ಬರೆದೆ. ಇದು ಬೀದರಿನ ಪಾಠ. ಕೆಲಸಕ್ಕೆ ಮೊದಲು ಎಣಿಸಬೇಕು, ಮುಗಿದ ಮೇಲೆ ಎಣಿಸಬೇಕು, ಒಂದು ಕಡಿಮೆಯಾದರೂ ಯಾವ ವಿಮಾನವೂ ಹಾರಬಾರದು. ಒಮ್ಮೆ ಸಂದು ಅಳೆಯುವ ಬೆರಳುದ್ದದ ಗೇಜ್ ಒಂದು ಕಾಣೆಯಾಗಿ, ನಲವತ್ತು ಜನ ಮೊಣಕಾಲೂರಿ ಹುಲ್ಲು ಬಾಚಿದ್ದೆವು. ನಮ್ಮ ವಾರೆಂಟ್ ಆಫೀಸರು ಬಿಸಿಲಲ್ಲಿ ನಿಂತು ಅದು ಸಿಗುವವರೆಗೆ ನೀರು ಕುಡಿಯಲಿಲ್ಲ, ನಮಗೂ ಕುಡಿಯುವ ಧೈರ್ಯ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಹಬ್ಬದ ಅಡುಗೆಯಾದ ಮೇಲೂ ನಾನು ಸೌಟುಗಳನ್ನು ಎಣಿಸುತ್ತೇನೆ. ಹೆಂಡತಿ ಬೈಯುತ್ತಾಳೆ. ಎಣಿಸುತ್ತೇನೆ.

ಮೂತಿಯಿಂದ ಶುರುಮಾಡಿ ಎಡಕ್ಕೆ, ಒಂದು ಪೂರ್ತಿ ಸುತ್ತು. ಎಂಜಿನ್ ಮೇಲಿನ ತಗಡು ತೆಗೆದಾಗ ಕೈ ನಿಂತಿತು. ನಾಲ್ಕು ಸಿಲಿಂಡರ್ ಸಾಲಾಗಿ, ತಲೆಕೆಳಗಾಗಿ, ಬೀದರಿನಲ್ಲಿದ್ದ ಹಾಗೇ. ಎಣ್ಣೆಯ ವಾಸನೆಯೂ ಹಾಗೇ. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಷ್ಟವಾದ ವಿಮಾನದಲ್ಲಿ ಕಣ್ಣು ತಪ್ಪು ಹಿಡಿಯುವುದಿಲ್ಲ ಎಂದು ವಾರೆಂಟ್ ಆಫೀಸರು ಹೇಳುತ್ತಿದ್ದರು.

ಇಪ್ಪತ್ತು ಅಂಶ ಮುಗಿಯಿತು, ದೋಷವಿಲ್ಲ. ನಲವತ್ತು. ದೋಷವಿಲ್ಲ. ಒಳ್ಳೆಯ ವಿಮಾನ ಸಿಕ್ಕರೆ ಸಮಾಧಾನವಾಗಬೇಕು. ನನಗೆ ಉಲ್ಟಾ ಆಯಿತು. ನೋಡಿದ ಜಾಗವನ್ನೇ ಮತ್ತೆ ನೋಡಿದೆ. ದಂತವೈದ್ಯರ ಕನ್ನಡಿಯಂಥ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಒಳಗಿನ ಮೂಲೆಮೂಲೆಗೂ ಚಾಚಿದೆ. ಬಿರುಕಿಲ್ಲ, ತುಕ್ಕಿಲ್ಲ.

"ಭಾವ, ಇದರ ಹೆಸರು ಚಿಪ್‌ಮಂಕ್ ಅಂದ್ರೆ ಅಳಿಲು ತಾನೇ?" ಭಾವಮೈದುನ ಹ್ಯಾಂಗರಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ. "ರಾಮನಿಗೆ ಅಳಿಲು ಸೇವೆ ಮಾಡಿತ್ತಂತೆ. ನೀವು ಅಳಿಲಿಗೇ ಸೇವೆ ಮಾಡ್ತಿದ್ದೀರಲ್ಲ!"

ಕೆಲಸದ ವೇಳೆಯಲ್ಲಿ ನಾನು ಮಾತಾಡುವುದಿಲ್ಲ. ಅವನಿಗೂ ಗೊತ್ತು.

ಅರವತ್ತೊಂದನೆಯ ಅಂಶ, ಹಿಂದಿನ ಸೀಟಿನ ಬೆನ್ನ ಹಿಂದಿನ ಜಾಗ. ರೆಕ್ಕೆಯ ಮೇಲೆ ನಿಂತು ಒಳಗೆ ಬಗ್ಗಿ ನೋಡುತ್ತಿದ್ದಾಗ ಕೈಗಡಿಯಾರ ಹನ್ನೆರಡು ತೋರಿಸಿತು. ಇಳಿದೆ. ಕೈ ತೊಳೆದೆ. ಗೊಜ್ಜವಲಕ್ಕಿ, ಮೊಸರನ್ನ. ಪಶುವೈದ್ಯರೂ ಗೊಜ್ಜವಲಕ್ಕಿ ತಿಂದು, ಇದರಲ್ಲಿ ಹುಳಿ ಯಾವುದರದು ಎಂದು ಕೇಳಿ, ಇನ್ನೊಂದು ಸಲ ಹಾಕಿಸಿಕೊಂಡರು. ಹನ್ನೆರಡೂವರೆಗೆ ಮತ್ತೆ ಶುರು. ಬಾಲವನ್ನು ಎತ್ತಿ, ರೆಕ್ಕೆಗಳನ್ನು ಅಲುಗಿಸಿ ಚಕ್ರದ ಕಾಲುಗಳನ್ನು ಪರೀಕ್ಷಿಸಿದೆ. ಎರಡು ಗಂಟೆಗೆ ಎಂಬತ್ತಮೂರು ಅಂಶ ಮುಗಿದಿತ್ತು. ಒಂದು ದೋಷವೂ ಇಲ್ಲ. ಎಲ್ಲಾ ಮುಚ್ಚಳ ಮುಚ್ಚಿ ಸ್ಕ್ರೂ ಬಿಗಿದೆ. ಪಶುವೈದ್ಯರು ಸ್ಟೂಲು ತಂದಿಟ್ಟರು, ಜೊತೆಯಾಗಿ ಒಂದು ಸುತ್ತು ಹಾರಿ ಬರೋಣ ಎಂದರು.

ಎಂಬತ್ತನಾಲ್ಕನೆಯದು ಉಪಕರಣಗಳ ಎಣಿಕೆ. ಇಪ್ಪತ್ತೆರಡು.

ಮತ್ತೆ ಎಣಿಸಿದೆ. ಕ್ಯಾನ್ವಾಸ್ ಕೊಡವಿದೆ. ಜೇಬು, ಪೆಟ್ಟಿಗೆ, ಕಾರು. ಕನ್ನಡಿ ಇಲ್ಲ.

ಐವತ್ತು ವರ್ಷಗಳಲ್ಲಿ ನನಗೆ ಇದು ಆಗಿರಲಿಲ್ಲ. ಎಲ್ಲಿ ಇಟ್ಟೆ ಎನ್ನುವುದು ತಕ್ಷಣ ಹೊಳೆಯಲಿಲ್ಲ. ಪಶುವೈದ್ಯರು ಸ್ಟೂಲಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

"ಹತ್ತಬೇಡಿ," ಎಂದೆ. "ನನ್ನದೊಂದು ಉಪಕರಣ ನಿಮ್ಮ ವಿಮಾನದ ಒಳಗೆ ಉಳಿದಿದೆ. ಎಲ್ಲಿ ಅಂತ ಗೊತ್ತಿಲ್ಲ. ತಪ್ಪು ನನ್ನದು."

ಭಾವಮೈದುನ ಹತ್ತಿರ ಬಂದು ಕನ್ನಡದಲ್ಲಿ ಮೆಲ್ಲಗೆ, "ಭಾವ, ಅದು ಆನ್‌ಲೈನ್‌ನಲ್ಲಿ ಎಂಟು ಡಾಲರ್‌ಗೆ ಸಿಗತ್ತೆ. ನಾನು ಈಗ್ಲೇ ಆರ್ಡರ್ ಮಾಡ್ತೀನಿ. ಹಾರ್ಕೊಂಡು ಬನ್ನಿ," ಎಂದ.

"ಅದು ಬಾಲಕ್ಕೆ ಹೋಗೋ ಕೇಬಲ್ ಮಧ್ಯೆ ಸಿಕ್ಕಿಕೊಂಡ್ರೆ ವಿಮಾನ ನಮ್ಮ ಮಾತು ಕೇಳಲ್ಲ. ಆಮೇಲೆ ನಮ್ಮಿಬ್ಬರನ್ನ ಮಲಗಿಸೋಕೆ ನೀನು ಎರಡು ಪೆಟ್ಟಿಗೆ ಆರ್ಡರ್ ಮಾಡ್ಬೇಕಾಗತ್ತೆ."

ಪಶುವೈದ್ಯರು ಸ್ಟೂಲಿನಿಂದ ಇಳಿದರು. ಎಂಜಿನ್ನಿನ ಕೀಲಿಯನ್ನು ಜೇಬಿನಿಂದ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರು. ಕುದುರೆಯ ಹೊಟ್ಟೆ ಹೊಲಿಯುವ ಮೊದಲು ತಾವೂ ಬಟ್ಟೆಯ ತುಣುಕುಗಳನ್ನು ಎಣಿಸುತ್ತಿದ್ದುದಾಗಿ ಹೇಳಿದರು. ಒಮ್ಮೆ ಒಂದು ಕಡಿಮೆ ಬಂದು, ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿದರಂತೆ. "ಸಿಕ್ಕಿತಾ?" ಎಂದೆ. ಕುದುರೆಯ ಹೊಟ್ಟೆಯಲ್ಲಿರಲಿಲ್ಲ, ತಮ್ಮ ಬೂಟಿಗೆ ಅಂಟಿಕೊಂಡಿತ್ತು ಎಂದರು. ಆದರೂ ಬಿಚ್ಚಿದ್ದು ಸರಿಯೇ ಅಂದರು.

ಬಿಗಿದ ಸ್ಕ್ರೂಗಳನ್ನೆಲ್ಲ ಮತ್ತೆ ಬಿಚ್ಚಿದೆ. ಎರಡೂವರೆ, ಮೂರು, ಮೂರೂಕಾಲು. ಎಂಜಿನ್ನಿನ ಸುತ್ತ ಇಲ್ಲ, ರೆಕ್ಕೆಗಳಲ್ಲಿ ಇಲ್ಲ, ಮುಂದಿನ ಸೀಟಿನ ಕೆಳಗೆ ಇಲ್ಲ. ಬಿಸಿಲು ಹ್ಯಾಂಗರಿನ ಹೊಸ್ತಿಲಿಂದ ಒಳಗೆ ಸರಿದು ನನ್ನ ಕ್ಯಾನ್ವಾಸನ್ನು ಮುಟ್ಟಿತು. ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ಮುಚ್ಚಳ ಪೂರ್ತಿ ನೋಡುವ ಮೊದಲೇ ಇನ್ನೊಂದರ ಹತ್ತಿರ ಹೋಗುತ್ತಿದ್ದೆ. ಸಂಜೆ ಹತ್ತಿರವಾಗುತ್ತಿತ್ತು, ಭಾನುವಾರದವರು ಬರುವವರಿದ್ದರು. ಒಂದು ಯೋಚನೆ ಬಂದಿತು, ಅದನ್ನು ಇಲ್ಲಿ ಬರೆಯಲೇಬೇಕು. ಕತ್ತಲಾಗುವವರೆಗೆ ಸಿಗದಿದ್ದರೆ ಹಾರುವ ಹಾಗಿಲ್ಲ. ಹಾರದೆ ಕೊಳ್ಳುವ ಹಾಗಿಲ್ಲ. ಇದನ್ನೂ ಬಿಟ್ಟು ಮನೆಗೆ ಹೋಗಬಹುದು. ಆ ಯೋಚನೆ ಬಂದ ಕ್ಷಣ ಭುಜ ಸ್ವಲ್ಪ ಹಗುರಾಯಿತು. ಹಗುರಾದದ್ದು ಗೊತ್ತಾಗಿ ನಾಚಿಕೆಯಾಯಿತು.

ಹೆಂಡತಿ ಕುರ್ಚಿಯಿಂದ ಎದ್ದು ಬಂದಳು.

"ರೀ, ಮಧ್ಯಾಹ್ನ ಊಟಕ್ಕೆ ಇಳಿದಾಗ ಎಲ್ಲಿದ್ರಿ?"

"ಹಿಂದಿನ ಸೀಟಿನ ಹತ್ತಿರ. ಅಲ್ಲಿ ನೋಡಿದೆ, ಇಲ್ಲ."

"ಇಳಿಯುವಾಗ ಕೈಯಲ್ಲಿ ಕನ್ನಡಿ ಇರ್ಲಿಲ್ಲ. ನಾನು ನೋಡ್ತಾನೇ ಇದ್ದೆ. ಹನ್ನೆರಡು ಹೊಡೀತು ಅಂತ ಹಾಗೇ ಇಳಿದು ಬಂದ್ರಿ. ಸೀಟಿಯೂದಿದ ಪೀಟಿ ಮಾಸ್ಟರ್ ಹಿಂದೆ ಹೋಗೋ ಮಕ್ಕಳ ಥರ."

ಆಗ ನೆನಪಾಯಿತು. ಸೀಟಿನ ಹಿಂದಿನ ಚೌಕಟ್ಟಿನ ಅಂಚಿನ ಮೇಲೆ ಇಟ್ಟಿದ್ದೆ. ಹನ್ನೆರಡಕ್ಕೆ ಊಟ ಎನ್ನುವ ನಿಯಮ ಎಣಿಕೆಯ ನಿಯಮವನ್ನು ತಳ್ಳಿಹಾಕಿತ್ತು. ಊಟದ ಮೇಲೆ ಬಾಲ ಎತ್ತಿ ಇಳಿಸಿದಾಗ ಅದು ಜಾರಿ ಬಾಲದ ಕೊಳವೆಯೊಳಗೆ ಹೋಗಿರಬೇಕು. ಸೀಟಿನ ಬೆನ್ನ ಹಿಂದಿನ ಕಿಂಡಿ ಬಲು ಸಣ್ಣದು. ನನ್ನ ಭುಜ ಹಿಡಿಸಲಿಲ್ಲ. ಭಾವಮೈದುನ ಪ್ರಯತ್ನಿಸಿ, ಅಂಗಿಯ ತೋಳಿಗೆ ಗ್ರೀಸು ಬಳಿದುಕೊಂಡು, "ಜಿಮ್ ಮೆಂಬರ್‌ಶಿಪ್ ವೇಸ್ಟ್ ಆಯ್ತು ಅಕ್ಕ," ಎಂದು ಇಳಿದ. ಪಶುವೈದ್ಯರ ಸೊಂಟದ ಮಾತು ಕೇಳುವ ಹಾಗೇ ಇರಲಿಲ್ಲ.

ಎರಡು ವರ್ಷಗಳಲ್ಲಿ ಹನ್ನೊಂದು ವಿಮಾನ ನೋಡಲು ಜೊತೆಗೆ ಬಂದಿದ್ದರೂ ಹೆಂಡತಿ ಒಂದರ ಒಳಗೂ ಕಾಲಿಟ್ಟಿರಲಿಲ್ಲ. ಈಗ ಶೂ ಬಿಚ್ಚಿ ರೆಕ್ಕೆಯ ಕೆಳಗೆ ಜೋಡಿಸಿಟ್ಟಳು.

"ಶೂ ಹಾಕ್ಕೊಂಡೇ ಹತ್ತು," ಎಂದೆ.

"ಬೇರೆಯವರ ವಿಮಾನ. ಸುಮ್ನಿರಿ."

ಸ್ಟೂಲು ಹತ್ತಿ, ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಬಾಲದ ಕಡೆಗೆ ಮುಖಮಾಡಿ ಕಿಂಡಿಯೊಳಗೆ ಭುಜದವರೆಗೆ ಇಳಿದಳು. ಫೋನಿನ ಟಾರ್ಚಿನ ಬೆಳಕು ಒಳಗೆ ಅಲೆಯಿತು.

"ಯಾರೋ ನನ್ನೇ ನೋಡ್ತಿದ್ದಾರೆ," ಎಂದು ಒಳಗಿಂದ ದನಿ ಬಂತು. "ಅಯ್ಯೋ, ನನ್ನ ಕಣ್ಣೇ. ಸಿಕ್ತು ರೀ! ಚಕ್ರದ ಥರ ಒಂದಿದೆಯಲ್ಲ, ತಂತಿ ಸುತ್ತಿರೋದು, ಅದರ ಪಕ್ಕದಲ್ಲೇ ಇದೆ. ಕೈಗೆ ಎಟುಕಲ್ಲ."

ಕೇಬಲ್ ತಿರುಗುವ ರಾಟೆಯ ಪಕ್ಕ. ಇನ್ನೆರಡು ಅಂಗುಲ ಜಾರಿದ್ದರೆ ಅದರ ಸಂದಿಗೆ ಸಿಗುತ್ತಿತ್ತು. ಪಶುವೈದ್ಯರು ಕುಂಟುತ್ತಾ ಹೋಗಿ ತಮ್ಮ ಗಾಡಿಯಿಂದ ಮೊಳದುದ್ದದ ಇಕ್ಕಳ ತಂದರು, ಕುದುರೆಗಳಿಗೆ ಬಳಸುತ್ತಿದ್ದದ್ದು. ನಾಲ್ಕು ಗಂಟೆ ಮೂವತ್ತೈದು ನಿಮಿಷಕ್ಕೆ ಕನ್ನಡಿ ಹೊರಗೆ ಬಂತು. ಹಳದಿ ಪಟ್ಟಿ ಸಮೇತ.

ಅವಳು ತಕ್ಷಣ ಇಳಿಯಲಿಲ್ಲ. ತಿರುಗಿ ಸರಿಯಾಗಿ ಕೂತು, ಮುಂದಿನ ಖಾಲಿ ಸೀಟನ್ನು ನೋಡಿದಳು.

"ಇಲ್ಲಿಂದ ನಿಮ್ಮ ತಲೆಯ ಹಿಂಭಾಗ ಬಿಟ್ರೆ ಬೇರೇನೂ ಕಾಣಲ್ಲ."

"ಪಕ್ಕದ ಗಾಜಿಂದ ಭೂಮಿ ಕಾಣತ್ತೆ."

"ಸದ್ಯ. ತಲೆ ನಲವತ್ತಮೂರು ವರ್ಷದಿಂದ ನೋಡಿದ್ದಾಗಿದೆ."

ಮುಚ್ಚಳ ಮುಚ್ಚಿ, ಎಣಿಸಿ, ಐದೂಕಾಲಿಗೆ ಹೊರಟೆವು. ನಾನು ಮುಂದೆ, ಪಶುವೈದ್ಯರು ಹಿಂದೆ. ಎಂಜಿನ್ ಶುರುವಾದ ಶಬ್ದ ನನಗೆ ಬಾಯಿಪಾಠ. ಬೀದರಿನಲ್ಲಿ ವರ್ಷಗಟ್ಟಲೆ ಆ ಶಬ್ದ ಏರಿ ದೂರವಾಗುವುದನ್ನು ನೆಲದ ಮೇಲೆ ನಿಂತು ಕೇಳಿದವನು ನಾನು. ಈ ಸಲ ಅದು ದೂರವಾಗಲಿಲ್ಲ, ಜೊತೆಗೇ ಬಂತು. ಕೆಳಗೆ ಪೀಚ್ ತೋಟದ ಸಾಲುಗಳು, ಒಂದು ಕೆರೆ, ಕೆಂಪು ಮಣ್ಣಿನ ದಾರಿ. ನೋಡಲು ಪುರುಸೊತ್ತಿರಲಿಲ್ಲ. ಎಣ್ಣೆಯ ಒತ್ತಡ, ವೇಗ, ಎತ್ತರ, ಮತ್ತೆ ಎಣ್ಣೆಯ ಒತ್ತಡ. ದೋಷ ಹುಡುಕುತ್ತಲೇ ಇದ್ದೆ. ಇಪ್ಪತ್ತು ನಿಮಿಷದಲ್ಲಿ ಸಿಕ್ಕ ದೋಷ ಒಂದೇ, ನನ್ನ ಎಡಗಾಲು ಪೆಡಲಿನ ಮೇಲೆ ನಡುಗುತ್ತಿತ್ತು. ಹಿಂದಿನಿಂದ ಪಶುವೈದ್ಯರು, ಕಾಲು ಸಡಿಲ ಬಿಡಿ, ಅದಕ್ಕೆ ದಾರಿ ಗೊತ್ತಿದೆ ಎಂದರು. ಸಡಿಲ ಬಿಟ್ಟೆ. ವಿಮಾನ ನೇರವಾಗಿ ಹೋಯಿತು.

ಇಳಿಯುವಾಗ ಎರಡು ಸಲ ಪುಟಿಯಿತು.

"ಮೂರು ಸಲ ನೆಲ ಮುಟ್ಟಿದ್ರಿ," ಎಂದಳು ಹೆಂಡತಿ, ಎಂಜಿನ್ ನಿಂತ ಮೇಲೆ. "ನಾನೂ ಎಣಿಸ್ತೀನಿ."

ಕ್ಯಾನ್ವಾಸಿನ ಮೇಲೆ ಕೂತು ಪುಸ್ತಕ ತೆರೆದೆ. ಹನ್ನೊಂದು ಪುಟಗಳಲ್ಲಿ ಬರೆದದ್ದೆಲ್ಲ ವಿಮಾನಗಳ ದೋಷ. ಹನ್ನೆರಡನೆಯದರಲ್ಲಿ ಹೀಗೆ ಬರೆದೆ: "ಅಂಶ 84. ಒಂದು ಉಪಕರಣ ವಿಮಾನದೊಳಗೆ ಬಿಡಲಾಗಿತ್ತು. ಬಿಟ್ಟವನು ಪರೀಕ್ಷಕ. ಹೊರತೆಗೆಯಲಾಗಿದೆ." ಬೇರೆ ದೋಷ ಬರೆಯಲು ಇರಲಿಲ್ಲ. ಪೆನ್ನು ಗೆರೆಯ ಮೇಲೆ ನಿಂತಿತು. ಬೀದರಿನಲ್ಲಿ ಸಹಿ ಮಾಡಲು ನನಗೆ ಒಂದು ದಿನವೂ ಕಷ್ಟವಾಗಿರಲಿಲ್ಲ. ಅಲ್ಲಿ ಸಹಿ ಮಾಡಿ ನಾನು ಹಿಂದೆ ಸರಿಯುತ್ತಿದ್ದೆ, ಹತ್ತುವವನು ಬೇರೆಯವನು. ಇಲ್ಲಿ ಸಹಿ ಮಾಡಿದವನೇ ಹತ್ತಬೇಕು.

"ಏನ್ರೀ, ಪೆನ್ನಲ್ಲಿ ಇಂಕ್ ಇಲ್ವಾ?"

ಸಹಿ ಮಾಡಿದೆ. ಪಶುವೈದ್ಯರ ಕೈ ಕುಲುಕಿದೆ. ಅವರು ಅಲ್ಲೇ ಅಟ್ಲಾಂಟಾದವರಿಗೆ ಫೋನ್ ಮಾಡಿ, ಬರುವುದು ಬೇಡ ಎಂದರು. ಭಾವಮೈದುನ ತನ್ನ ಲ್ಯಾಪ್‌ಟಾಪ್ ತೆರೆದುಕೊಟ್ಟ. ಆರು ಗಂಟೆ ಹತ್ತು ನಿಮಿಷಕ್ಕೆ ವಿಮಾನದ ನೋಂದಣಿ ಸಂಖ್ಯೆ ಸಮೇತ ವಿಮೆಯವರಿಗೆ ಅರ್ಜಿ ಕಳಿಸಿದೆ. ಹುಟ್ಟಿದ ದಿನಾಂಕದ ಜಾಗ ತುಂಬುವಾಗ ಅವನು, "ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಫಾಲೋ ಅಪ್ ಮಾಡ್ತೀನಿ ಭಾವ, ಇದನ್ನ ಮಾತ್ರ ನಂಗೆ ಬಿಡಿ," ಎಂದ. ಬಿಟ್ಟೆ.

ಆಮೇಲೆ ನಾಲ್ವರೂ ಸೇರಿ ವಿಮಾನವನ್ನು ಹಿಂದಕ್ಕೆ ತಳ್ಳಿ ಹ್ಯಾಂಗರಿನೊಳಗೆ ನಿಲ್ಲಿಸಿದೆವು. ಚಕ್ರಗಳಿಗೆ ಅಡೆ ಕೊಟ್ಟೆ, ಎಂಜಿನ್ ಕೆಳಗೆ ಎಣ್ಣೆಯ ತಟ್ಟೆ ಇಟ್ಟೆ. ಉಪಕರಣಗಳನ್ನು ಎಣಿಸಲು ಬಗ್ಗಿದಾಗ ಹೆಂಡತಿ ಕ್ಯಾನ್ವಾಸಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಅವಳು ಎಣಿಸಿದಳು, ನಾನು ಕೇಳಿದೆ. ಇಪ್ಪತ್ತಮೂರು. ಪುಸ್ತಕದಲ್ಲಿ ಸಂಖ್ಯೆ ಬರೆದು, ಕ್ಯಾನ್ವಾಸ್ ಸುತ್ತಿ ದಾರ ಕಟ್ಟಿ, ಆರು ಗಂಟೆ ನಲವತ್ತು ನಿಮಿಷಕ್ಕೆ ಪೆಟ್ಟಿಗೆಗೆ ಬೀಗ ಹಾಕಿದೆ.